ಹೆಸರು ಮುಚ್ಚಿದ ಗ್ಲಾಸಿನಲ್ಲಿ ಮಸ್ಕಟ್ ಯಾವುದು, ಗೆವುರ್ಟ್ಸ್‌ಟ್ರಮೀನರ್ ಯಾವುದು?

ಪ್ರಶ್ನೆ: ಮಣೂಕದ ಮನೆಯವ, ತಿಕೋಟಾ

ನಮ್ಮದು ತಿಕೋಟಾ ಭಾಗದ ದ್ರಾಕ್ಷಿ ಪಡ. ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಮಾಣಿಕ್ ಚಮನ್. ಅದರಲ್ಲಿ ಬಹುಪಾಲು ಶೆಡ್ಡಿನ ಜಾಳಿಗೆಯ ಮೇಲೆ ಒಣಗಿ ಮಣೂಕವಾಗುತ್ತದೆ. ಹುಟ್ಟಿದಾಗಿನಿಂದ ದ್ರಾಕ್ಷಿಯ ನಡುವೆಯೇ ಬೆಳೆದವನಾದ್ದರಿಂದ ದ್ರಾಕ್ಷಿಯ ವಾಸನೆ ನನಗೆ ಗೊತ್ತು ಎಂಬ ಸಣ್ಣ ಗರ್ವವೊಂದು ನನ್ನಲ್ಲಿತ್ತು. ಕಳೆದ ತಿಂಗಳು ಅದು ಇಳಿಯಿತು.

ನಾವು ಐದು ಜನ ಗೆಳೆಯರು ತಿಂಗಳಿಗೊಮ್ಮೆ ವಿಜಯಪುರದಲ್ಲಿ ಒಬ್ಬರ ಮನೆಯಲ್ಲಿ ಸೇರಿ, ಬಾಟಲಿಗಳಿಗೆ ಬಟ್ಟೆ ಸುತ್ತಿ ರುಚಿ ನೋಡಿ, ಇದು ಯಾವ ತಳಿಯ ವೈನ್ ಎಂದು ಚೀಟಿಯಲ್ಲಿ ಬರೆಯುತ್ತೇವೆ. ಈ ಸಲ ಬೆಂಗಳೂರಿನಿಂದ ತರಿಸಿದ್ದ ನಾಲ್ಕು ಬಿಳಿ ವೈನುಗಳಿದ್ದವು: ಫ್ರಾನ್ಸಿನ ಅಲ್ಸಾಸ್ ಸೀಮೆಯ ಗೆವುರ್ಟ್ಸ್‌ಟ್ರಮೀನರ್, ಅದೇ ಸೀಮೆಯ ಸಿಹಿಯಿಲ್ಲದ ಮಸ್ಕಟ್, ಅರ್ಜೆಂಟೀನಾದ ಟೊರೊಂಟೆಸ್, ಮತ್ತು ನಂದಿ ಬೆಟ್ಟದ ಕಡೆಯ ವಿಯೊನ್ಯೇ. ಯಾವ ನಾಲ್ಕು ಎಂಬುದು ಮೊದಲೇ ತಿಳಿದಿತ್ತು, ಯಾವ ಗ್ಲಾಸಿನಲ್ಲಿ ಯಾವುದು ಎಂಬುದಷ್ಟೇ ತಿಳಿದಿರಲಿಲ್ಲ. ಆದರೂ ನಾನು ವಿಯೊನ್ಯೇ ಒಂದನ್ನು ಬಿಟ್ಟು ಉಳಿದ ಮೂರನ್ನೂ ಅದಲುಬದಲು ಮಾಡಿದೆ. ಗೆವುರ್ಟ್ಸ್‌ಟ್ರಮೀನರನ್ನು ಮಸ್ಕಟ್ ಎಂದೆ, ಮಸ್ಕಟನ್ನು ಟೊರೊಂಟೆಸ್ ಎಂದೆ, ಟೊರೊಂಟೆಸನ್ನು ಗೆವುರ್ಟ್ಸ್‌ಟ್ರಮೀನರ್ ಎಂದೆ. ನನ್ನ ಚೀಟಿಯಲ್ಲಿ ಮೂರಕ್ಕೂ ಬರೆದದ್ದು ಹೆಚ್ಚುಕಡಿಮೆ ಒಂದೇ ಸಾಲು: “ಹೂವು, ಲಿಚಿ, ಗುಲಾಬಿ, ತುಂಬಾ ಪರಿಮಳ.”

ಪುಸ್ತಕಗಳಲ್ಲಿಯೂ ಈ ಮೂರಕ್ಕೆ ಹೂವು ಮತ್ತು ಗುಲಾಬಿ ಎಂದೇ ಬರೆದಿರುವುದರಿಂದ ಅವು ನನಗೆ ಸಹಾಯ ಮಾಡುತ್ತಿಲ್ಲ. ಪರಿಮಳ ಇಷ್ಟು ಜೋರಾಗಿರುವಾಗ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ತಿಳಿದವರು ಯಾವುದನ್ನು ಹಿಡಿಯುತ್ತಾರೆ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಟಿಳಕವಾಡಿಯ ಹಳಬ, ಬೆಳಗಾವಿ

ಬೆಂಗಳೂರಿನ ಹೋಟೆಲುಗಳಲ್ಲಿ ಹದಿನಾಲ್ಕು ವರ್ಷ ಪಾನೀಯ ವಿಭಾಗದಲ್ಲಿದ್ದು ಈಗ ಊರಿಗೆ ಮರಳಿದ್ದೇನೆ. ನಿಮ್ಮ ತಪ್ಪನ್ನು ನಾನೂ ಹಲವು ಬಾರಿ ಮಾಡಿದ್ದೇನೆ, ಅದೂ ಹಣ ಕೊಟ್ಟು ಕುಡಿಯುವವರ ಎದುರಿನಲ್ಲಿ.

ಪರಿಮಳ ನಿಮ್ಮನ್ನು ಓಣಿಯ ತನಕ ಕರೆದೊಯ್ಯುತ್ತದೆ. ಮನೆಯ ಬಾಗಿಲನ್ನು ತೋರಿಸುವುದು ನಾಲಿಗೆ. ಗ್ಲಾಸಿನಿಂದ ಹೂವಿನ ವಾಸನೆ ಎದ್ದು ಬಂದ ಕ್ಷಣದಲ್ಲಿ ಶಾರ್ಡೊನೇ, ಶೆನಿನ್ ಬ್ಲಾಂ ಮುಂತಾದ ಪರಿಮಳ ಕಡಿಮೆಯ ತಳಿಗಳನ್ನು ಪಕ್ಕಕ್ಕಿಟ್ಟಿರಿ, ಮೂಗಿನ ದೊಡ್ಡ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಕೇಳಿಕೊಳ್ಳಬೇಕಾದದ್ದು ಹುಳಿ ಎಷ್ಟು, ಮೈ (ಅಂದರೆ ಬಾಯಿ ತುಂಬುವ ಭಾರ) ಎಷ್ಟು ದಪ್ಪ, ಮದ್ಯದ ಬಿಸಿ ಎಷ್ಟು, ನುಂಗಿದ ಮೇಲೆ ಕಹಿ ಉಳಿಯಿತೇ ಎಂಬುದನ್ನು.

ಗೆವುರ್ಟ್ಸ್‌ಟ್ರಮೀನರಿನ ಹುಳಿ ಕಡಿಮೆ, ಮೈ ಎಣ್ಣೆಯಂತೆ ಜಾರುತ್ತದೆ, ಮದ್ಯಾಂಶ ಶೇ. 13.5ರಿಂದ 14ರ ಸುತ್ತ ಇರುವುದು ಸಾಮಾನ್ಯ, ಕೊನೆಯಲ್ಲಿ ನಾಲಿಗೆಯ ಬುಡದಲ್ಲಿ ತೆಳುವಾದ ಕಹಿ ನಿಲ್ಲುತ್ತದೆ. ಅದರ ಕಾಯಿಯ ಸಿಪ್ಪೆ ಹಸಿರಲ್ಲ, ನಸುಗುಲಾಬಿ. ಹಾಗಾಗಿ ವೈನಿನ ಬಣ್ಣ ಗಾಢವಾದ ಹೊಂಬಣ್ಣವಾಗಿದ್ದು ಕೆಲವೊಮ್ಮೆ ತಾಮ್ರದ ಛಾಯೆಯನ್ನೂ ತೋರುತ್ತದೆ. ಅಲ್ಸಾಸಿನ ಸಿಹಿಯಿಲ್ಲದ ಮಸ್ಕಟ್ ಇದಕ್ಕೆ ವಿರುದ್ಧ: ಬಣ್ಣ ತೆಳು, ಮೈ ಹಗುರ, ಮದ್ಯಾಂಶ ಒಂದು ಮೆಟ್ಟಿಲು ಕೆಳಗೆ. ಮೂಗಿಗೆ ತುಂಬಿಕೊಂಡು ಬಂದದ್ದು ಬಾಯಿಗೆ ಬಂದಾಗ ಬೇಗ ಮುಗಿದುಹೋಯಿತು ಎನ್ನಿಸಿದರೆ ಮಸ್ಕಟನ್ನು ನೆನೆಯಿರಿ. ಟೊರೊಂಟೆಸ್ ಮೋಸಗಾರ. ವಾಸನೆಯಲ್ಲಿ ಜೇನಿನಂತೆ ಸಿಹಿಯ ಭರವಸೆ ಕೊಟ್ಟು ಬಾಯಲ್ಲಿ ಒಣಗಿದಂತಿರುತ್ತದೆ, ನಿಂಬೆಯ ಸಿಪ್ಪೆ ಕಚ್ಚಿದಂಥ ಕಹಿ ಬಿಡುತ್ತದೆ. ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದ ಕಫಾಯಾತೆಯಲ್ಲಿ ಅದು ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ, ಆದ್ದರಿಂದ ಗೆವುರ್ಟ್ಸ್‌ಟ್ರಮೀನರಿಗಿಂತ ಚುರುಕು. ವಿಯೊನ್ಯೇಯನ್ನು ನೀವು ಸರಿಯಾಗಿ ಗುರುತಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಗುಲಾಬಿಗಿಂತ ಜರ್ದಾಳು ಮುಂದಿರುತ್ತದೆ.

ಬಣ್ಣವನ್ನು ಹೇಳಿದೆನಾದರೂ ಅದನ್ನು ಸಾಕ್ಷಿಯೆಂದು ಮಾತ್ರ ಇಟ್ಟುಕೊಳ್ಳಿ, ತೀರ್ಪೆಂದು ಅಲ್ಲ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದಕ್ಕೆ ಕೆಂಪು ವೈನಿಗೆ ಬಳಸುವ ಪದಗಳನ್ನೇ ಬರೆದಿದ್ದರು. ಕಣ್ಣು ಒಮ್ಮೆ ತೀರ್ಮಾನಿಸಿಬಿಟ್ಟರೆ ಮೂಗು ಅದರ ಹಿಂದೆ ಹೋಗುತ್ತದೆ.

ಇನ್ನೊಂದು ಮಾತು. ವೈನ್ ಪರಿಣತರಿಗಾಗಿ ನಡೆಯುವ ಮಾಸ್ಟರ್ ಆಫ್ ವೈನ್ ಪರೀಕ್ಷೆಯಲ್ಲಿ, 2016ರಲ್ಲಿ ಭಾರತದಲ್ಲಿ ಮೊದಲಿಗರಾಗಿ ಸೋನಲ್ ಹಾಲೆಂಡ್ ಗೆದ್ದ ಪರೀಕ್ಷೆಯಲ್ಲಿ, ತಲಾ 12 ವೈನುಗಳ ಮೂರು ರುಚಿಪತ್ರಿಕೆಗಳಿರುತ್ತವೆ. ಅಲ್ಲಿ ಹೆಸರು ತಪ್ಪಿದರೂ ಕಾರಣ ಸರಿಯಾಗಿದ್ದರೆ ಅಂಕ ಸಿಗುತ್ತದೆ. ನಿಮ್ಮ ಚೀಟಿಯಲ್ಲಿ ಹೆಸರಿಗೆ ಜಾಗವಿತ್ತು, ಹುಳಿಗೆ ಜಾಗವಿರಲಿಲ್ಲ. ಮೊದಲು ಚೀಟಿಯನ್ನು ಬದಲಿಸಿ.

ಉತ್ತರ 2: ಘಟಪ್ರಭೆಯ ದಂಡೆ, ಬಾಗಲಕೋಟೆ

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವಳು ನಾನು. ವೈನಿನ ಅನುಭವ ಹಳಬರಷ್ಟಿಲ್ಲ, ಆದರೆ ಈ ಮೂರೂ ಏಕೆ ಒಂದೇ ಎನ್ನಿಸುತ್ತವೆ ಎಂಬುದಕ್ಕೆ ಕಾರಣ ಹೇಳಬಲ್ಲೆ.

ಇವುಗಳ ಪರಿಮಳ ಮೊನೊಟರ್ಪೀನ್ ಎಂಬ ಒಂದೇ ಕುಟುಂಬದ ಸಂಯುಕ್ತಗಳಿಂದ ಬರುತ್ತದೆ. ಲಿನಲೂಲ್, ಜೆರಾನಿಯೋಲ್, ನೆರೋಲ್, ಸಿಟ್ರೊನೆಲ್ಲೋಲ್ ಇವುಗಳಲ್ಲಿ ಮುಖ್ಯ. ಗಾಢ ಪರಿಮಳದ ಮಸ್ಕಟ್‌ಗಳಲ್ಲಿ ಇವು ಲೀಟರಿಗೆ 6 ಮಿಲಿಗ್ರಾಂ ತನಕ ಇರಬಹುದು. ಗೆವುರ್ಟ್ಸ್‌ಟ್ರಮೀನರ್, ರೀಸ್ಲಿಂಗ್ ಮೊದಲಾದವುಗಳಲ್ಲಿ 1ರಿಂದ 4 ಮಿಲಿಗ್ರಾಂ. ನಿಮ್ಮ ಥಾಮ್ಸನ್ ಈ ಲೆಕ್ಕದಲ್ಲಿ ಬಡ ತಳಿ, ಆದ್ದರಿಂದ ಪಡದಲ್ಲಿ ಬೆಳೆದ ನಿಮ್ಮ ಮೂಗು ಸಕ್ಕರೆಯನ್ನು ಅಳೆಯಲು ಕಲಿತಿದೆಯೇ ಹೊರತು ಪರಿಮಳವನ್ನಲ್ಲ.

ಸ್ವಾರಸ್ಯವಿರುವುದು ಇದರ ಮೂಲದಲ್ಲಿ. ದ್ರಾಕ್ಷಿ ಬಳ್ಳಿಯಲ್ಲಿ ಟರ್ಪೀನ್ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ಹರಿಯಬಿಡುವ ಡಿಎಕ್ಸ್‌ಎಸ್ ಎಂಬ ಜೀನ್ ಇದೆ. ಮಸ್ಕಟ್ ಮನೆತನದಲ್ಲಿ ಈ ಜೀನಿನಿಂದಾಗುವ ಪ್ರೋಟೀನಿನ 284ನೇ ಸ್ಥಾನದ ಅಮೈನೋ ಆಮ್ಲ ಒಂದೇ ಒಂದು ಬದಲಾಗಿ ಕಾಲುವೆಯ ಬಾಗಿಲು ಅಗಲವಾಗಿ ತೆರೆದುಕೊಂಡಿತು. ಗೆವುರ್ಟ್ಸ್‌ಟ್ರಮೀನರ್ ಮಸ್ಕಟ್‌ನ ನೆಂಟನಲ್ಲ. ಅದು ಪರಿಮಳವಿಲ್ಲದ ಸವಾನ್ಯಾಂ ತಳಿಯ ಒಂದು ರೂಪಾಂತರ. ಆದರೆ ಅದರಲ್ಲಿಯೂ ಅದೇ ಜೀನಿನಲ್ಲಿ, ಬೇರೆಯದೇ ಸ್ಥಾನದಲ್ಲಿ, ಮತ್ತೊಂದು ಬದಲಾವಣೆ ಪ್ರತ್ಯೇಕವಾಗಿ ಆಯಿತು. ಒಂದೇ ಕಾಲುವೆಯ ಬಾಗಿಲನ್ನು ಸಂಬಂಧವಿಲ್ಲದ ಇಬ್ಬರು ಬೇರೆ ಬೇರೆ ಕಾಲದಲ್ಲಿ ತೆರೆದಂತೆ. ಟೊರೊಂಟೆಸ್ ಅಂತೂ ನೇರವಾಗಿ ಮಸ್ಕಟ್‌ನ ಮಗು: ಅರ್ಜೆಂಟೀನಾದ ಟೊರೊಂಟೆಸ್ ರಿಯೋಹಾನೊ, ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ ಮತ್ತು ಸ್ಪೇನಿನವರು ಅಮೆರಿಕಕ್ಕೆ ಒಯ್ದ ಕ್ರಿಯೊಲಾ ಚಿಕಾ ಎಂಬ ಹಳೆಯ ತಳಿಗಳ ಬೆರಕೆ. ನೀವು ಮಸ್ಕಟನ್ನು ಟೊರೊಂಟೆಸ್ ಎಂದದ್ದು ತಾಯಿಯನ್ನು ಮಗಳ ಹೆಸರಿನಿಂದ ಕರೆದಂತಾಯಿತು. ಅದು ಅಷ್ಟು ದೊಡ್ಡ ತಪ್ಪಲ್ಲ.

ಹಳಬರ ಮಾತಿಗೆ ಒಂದು ವಿಷಯದಲ್ಲಿ ನನ್ನ ತಕರಾರಿದೆ. ಮೂಗಿನ ಕೆಲಸ ಅಲ್ಲಿಗೆ ಮುಗಿಯಿತು ಎಂಬುದು ಸರಿಯಲ್ಲ. ಗೆವುರ್ಟ್ಸ್‌ಟ್ರಮೀನರಿನಲ್ಲಿ ಸಿಸ್ ರೋಸ್ ಆಕ್ಸೈಡ್ ಎಂಬ ಸಂಯುಕ್ತ ಎದ್ದು ಕಾಣುತ್ತದೆ. ಇದೇ ಲಿಚಿ ಹಣ್ಣಿನಲ್ಲಿಯೂ ಗುಲಾಬಿಯಲ್ಲಿಯೂ ಇರುವಂಥದ್ದು, ಲೀಟರಿಗೆ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೂ ಮೂಗಿಗೆ ಸಿಕ್ಕಿಬಿಡುತ್ತದೆ. ಆದ್ದರಿಂದ ಲಿಚಿ ಎಂಬುದು ಕವಿಯ ಹೋಲಿಕೆಯಲ್ಲ, ಅಕ್ಷರಶಃ ಅದೇ ವಸ್ತು. ಮಸ್ಕಟ್‌ನಲ್ಲಿ ಮುಂದಾಳು ಲಿನಲೂಲ್, ಅದರ ಸಂಗಡ ಜೆರಾನಿಯೋಲ್; ಅದು ಕಿತ್ತಳೆ ಹೂವಿನ ಕಡೆಗೆ, ಕೊತ್ತಂಬರಿ ಬೀಜದ ಕಡೆಗೆ ಎಳೆಯುತ್ತದೆ. ಹಾಗೆಯೇ ಮೈಯ ದಪ್ಪವನ್ನು ಪೂರ್ತಿ ನಂಬಬಾರದು, ಏಕೆಂದರೆ ಬಿಸಿಲ ಸೀಮೆಯಲ್ಲಿ ತಡವಾಗಿ ಕೊಯ್ದ ಮಸ್ಕಟ್ ಕೂಡ ಭಾರವಾಗುತ್ತದೆ, ಹುಳಿಯೂ ಇಳಿದಿರುತ್ತದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡಿ ಮಾರ್ಚಿನ ಬಿಸಿಲಿಗೆ ಹಣ್ಣು ಬಿಡಿಸುವ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಟಲಿ ಹೇಗೆ ಬಂದಿತು, ಎಷ್ಟು ತಣ್ಣಗೆ ಕುಡಿದಿರಿ ಎಂಬುದನ್ನು ನೀವು ಬರೆದಿಲ್ಲ. ಬೇಸಿಗೆಯಲ್ಲಿ ಲಾರಿಯಲ್ಲೋ ಬಸ್ಸಿನ ಡಿಕ್ಕಿಯಲ್ಲೋ ದಿನಗಟ್ಟಲೆ ಕಾದ ವೈನಿನಲ್ಲಿ ಆಮ್ಲ ಮತ್ತು ಶಾಖ ಸೇರಿ ಲಿನಲೂಲನ್ನು ಆಲ್ಫಾ ಟರ್ಪಿನಿಯೋಲ್ ಎಂಬ ಮಂಕಾದ ವಸ್ತುವನ್ನಾಗಿ ಮಾಡುತ್ತವೆ. ಮಸ್ಕಟ್ ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಇನ್ನು ಫ್ರಿಜ್ಜಿನಿಂದ 4 ಡಿಗ್ರಿಯಲ್ಲಿ ತೆಗೆದು ನೇರವಾಗಿ ಸುರಿದರೆ ಪರಿಮಳ ಏಳುವುದಿಲ್ಲ, ಕಹಿ ಮಾತ್ರ ಎದ್ದು ಕಾಣುತ್ತದೆ. 10ರಿಂದ 12 ಡಿಗ್ರಿಯಲ್ಲಿ ಶುರುಮಾಡಿ, ಅದೇ ಗ್ಲಾಸನ್ನು ಬಿಡದೆ ಇಟ್ಟುಕೊಂಡು 15ಕ್ಕೆ ಏರುವ ತನಕ ಎರಡು ಮೂರು ಬಾರಿ ಮೂಸಿ. ವಿಜಯಪುರದ ಏಪ್ರಿಲ್‌ನಲ್ಲಿ ಅದಕ್ಕೆ ಹೆಚ್ಚು ಹೊತ್ತೇನೂ ಬೇಕಾಗದು.

ಉತ್ತರ 3: ಗುಲ್ಕಂದ ಅಜ್ಜಿ, ವಿಜಯಪುರ

ನಾನು ವೈನ್ ಕುಡಿಯುವವಳಲ್ಲ. ಈ ಚರ್ಚೆಗೆ ಬಂದದ್ದು ಮೊಮ್ಮಗ ಓದಿ ಹೇಳಿದ್ದರಿಂದ. ಆದರೆ ನಲವತ್ತು ವರ್ಷ ಗುಲ್ಕಂದ, ಮಸಾಲೆ ಪುಡಿ, ಸಂಡಿಗೆ ಮಾಡಿ ಮಾರಿದವಳಿಗೆ ಮೂಗಿನ ವಿಷಯದಲ್ಲಿ ಎರಡು ಮಾತು ಹೇಳುವ ಹಕ್ಕಿದೆ ಎಂದುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು ಮೂರಕ್ಕೂ “ಲಿಚಿ” ಎಂದು ಬರೆದಿದ್ದಾರೆ. ತಮ್ಮಾ, ನೀನು ಲಿಚಿ ಹಣ್ಣನ್ನು ಕೊನೆಯ ಸಲ ಸುಲಿದು ತಿಂದದ್ದು ಯಾವಾಗ? ಅದು ಬಿಹಾರದ ಮುಜಫ್ಫರ್‌ಪುರದ ಕಡೆಯ ಹಣ್ಣು, ನಮ್ಮ ಪೇಟೆಗೆ ಬಂದರೂ ನಾಲ್ಕು ದಿನ ಇದ್ದು ಹೋಗುತ್ತದೆ. ಪುಸ್ತಕದಲ್ಲಿದ್ದ ಪದವನ್ನು ಗ್ಲಾಸಿನಲ್ಲಿ ಹುಡುಕಿದರೆ ಎಲ್ಲ ಗ್ಲಾಸಿನಲ್ಲಿಯೂ ಅದೇ ಸಿಗುತ್ತದೆ. ನಿನಗೆ ಗೊತ್ತಿರುವ ವಾಸನೆಯಿಂದ ಶುರುಮಾಡು.

ಗುಲಾಬಿ ದ್ರಾಕ್ಷಿ ತಿಂದಿರುವೆಯಲ್ಲ, ಕಪ್ಪುಕೆಂಪಗೆ, ಬೀಜವಿರುವುದು? ಮೊಮ್ಮಗ ಹೇಳುವಂತೆ ಅದು ಮಸ್ಕಟ್ ಹ್ಯಾಂಬರ್ಗ್ ಎಂಬ ತಳಿಯೇ, ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಅದನ್ನೇ ಪನ್ನೀರು ದ್ರಾಕ್ಷಿ ಎನ್ನುತ್ತಾರೆ. ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರಿನ ಹೆಸರನ್ನು ಸುಮ್ಮನೆ ಇಟ್ಟಿಲ್ಲ. ನೀವು ಇಷ್ಟು ದೂರದಿಂದ ತರಿಸಿ ಹುಡುಕುತ್ತಿರುವ ಮಸ್ಕಟ್‌ನ ವಾಸನೆ ಹಣ್ಣಿನ ಬುಟ್ಟಿಯಲ್ಲಿ ಮೊದಲಿನಿಂದಲೂ ಇತ್ತು. ಒಂದು ಗೊಂಚಲು ತಂದು, ಹಣ್ಣನ್ನು ಸಿಪ್ಪೆಯೊಂದಿಗೆ ಜಗಿದು, ಮೂಗಿನಿಂದ ಉಸಿರು ಬಿಟ್ಟು ನೋಡು. ಹಣ್ಣಿನ ಪರಿಮಳವೇ ವೈನಿನಲ್ಲಿಯೂ ಹಾಗೆಯೇ ಉಳಿಯುವುದು ಮಸ್ಕಟ್‌ನ ವಿಶೇಷ ಎಂದು ಮೊಮ್ಮಗ ಹೇಳಿದ. ನಿಜವಾದರೆ ನಿನ್ನ ಕೆಲಸ ಅರ್ಧ ಮುಗಿಯಿತು.

ಇನ್ನೊಂದಕ್ಕೆ, ಆ ಗೆವುರ್ಟ್ಸ್‌ಟ್ರಮೀನರಿಗೆ, ಗುಲ್ಕಂದವನ್ನು ಇಟ್ಟುಕೋ. ಹಸಿ ಗುಲಾಬಿ ಬೇರೆ, ಗುಲ್ಕಂದ ಬೇರೆ: ಸಕ್ಕರೆಯಲ್ಲಿ ಬಿಸಿಲಿಗೆ ಬೆಂದ ಎಸಳಿನಲ್ಲಿ ಒಂದು ಭಾರವಿದೆ, ಅಡಿಯಲ್ಲಿ ತುಸು ಒಗರಿದೆ. ಅದರ ಜೊತೆಗೆ ಚಿಟಿಕೆ ಶುಂಠಿ ಪುಡಿ ಇಡು. ಜರ್ಮನ್ ಭಾಷೆಯಲ್ಲಿ ಆ ತಳಿಯ ಹೆಸರಿನ ಮೊದಲ ಭಾಗಕ್ಕೆ ಮಸಾಲೆ ಎಂದೇ ಅರ್ಥವಂತೆ. ಕುಟ್ಟಿದ ಕೊತ್ತಂಬರಿ ಬೀಜ, ದುಂಡುಮಲ್ಲಿಗೆ, ನೆನೆಸಿದ ಜರ್ದಾಳು, ಇಂಡಿ ಲಿಂಬೆಯ ಸಿಪ್ಪೆ, ಇವನ್ನೆಲ್ಲ ಮುಚ್ಚಳವಿರುವ ಸಣ್ಣ ಡಬ್ಬಿಗಳಲ್ಲಿ ಹಾಕಿ, ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುವುದನ್ನು ರೂಢಿಸಿಕೋ. ಮನೆಯಲ್ಲಿ ಅದೇ ಹೊತ್ತಿಗೆ ಊದಿನಕಡ್ಡಿ ಹಚ್ಚಿರಬಾರದು, ಒಗ್ಗರಣೆ ಸಿಡಿದಿರಬಾರದು. ಬಾಯಿ ತೊಳೆಯಲು ಉಪ್ಪಿಲ್ಲದ ಜೋಳದ ರೊಟ್ಟಿ ಮತ್ತು ನೀರು ಸಾಕು. ಗುರೆಳ್ಳು ಚಟ್ನಿಯನ್ನು ಆಮೇಲೆ ತಿನ್ನಿ.

ಪ್ರಶ್ನೆ ಕೇಳಿದವನಿಂದ: ಮಣೂಕದ ಮನೆಯವ, ತಿಕೋಟಾ

ಮೂವರಿಗೂ ಕೃತಜ್ಞ. ಮೂರು ವಾರ ಡಬ್ಬಿಗಳನ್ನು ಮೂಸಿದ ನಂತರ ನಿನ್ನೆ ಮತ್ತೆ ಕುಳಿತೆವು. ಈ ಸಲ ಅದೇ ನಾಲ್ಕು ವೈನುಗಳ ಜೊತೆಗೆ ನನಗೆ ತಿಳಿಸದೆ ಐದನೆಯದೊಂದನ್ನು ಸೇರಿಸಿದ್ದರು. ಅಜ್ಜಿಯ ಪ್ರಶ್ನೆಗೆ ಉತ್ತರ: ನಾನು ಲಿಚಿ ಹಣ್ಣನ್ನು ಕೈಯಲ್ಲಿ ಹಿಡಿದು ಸುಲಿದಿದ್ದೇ ಇಲ್ಲ, ಕುಡಿದದ್ದು ಪೊಟ್ಟಣದ ರಸ.

ಮಸ್ಕಟ್ ಮೊದಲ ಉಸಿರಿಗೇ ಸಿಕ್ಕಿತು. ಚಿಕ್ಕಂದಿನಲ್ಲಿ ಸಿದ್ಧೇಶ್ವರ ಜಾತ್ರೆಯಿಂದ ಮರಳುವಾಗ ತಿಂದ ಗುಲಾಬಿ ದ್ರಾಕ್ಷಿ ಅಷ್ಟು ಸ್ಪಷ್ಟವಾಗಿ ನೆನಪಾಯಿತು. ಹೆಸರು ಬರೆಯುವ ಮೊದಲೇ ನಕ್ಕುಬಿಟ್ಟೆ. ಗೆವುರ್ಟ್ಸ್‌ಟ್ರಮೀನರನ್ನು ಗುಲ್ಕಂದದಿಂದ ಶಂಕಿಸಿ, ಇಳಿದ ಹುಳಿ ಮತ್ತು ಕೊನೆಯ ಕಹಿಯಿಂದ ಖಚಿತಪಡಿಸಿಕೊಂಡೆ, ಆದ್ದರಿಂದ ಹಳಬರೂ ಬಾಗಲಕೋಟೆಯವರೂ ತಮ್ಮ ತಕರಾರನ್ನು ಸಮನಾಗಿ ಹಂಚಿಕೊಳ್ಳಬಹುದು. ಫ್ರಿಜ್ಜಿನ ಆರೋಪವೂ ನಿಜ: ಹಿಂದಿನ ಸಲ ಗ್ಲಾಸಿನ ಹೊರಗೆ ಹನಿಗಟ್ಟುವಷ್ಟು ತಣ್ಣಗಿತ್ತು.

ಎಡವಿದ್ದು ಮತ್ತೆ ಟೊರೊಂಟೆಸಿನಲ್ಲಿ. ಐದನೆಯ ಗ್ಲಾಸು ಜರ್ಮನಿಯ ರೀಸ್ಲಿಂಗ್ ಆಗಿತ್ತು. ನಾನು ನಿಂಬೆ ಸಿಪ್ಪೆ ಮತ್ತು ಹೂವನ್ನು ಹಿಡಿದು ರೀಸ್ಲಿಂಗಿಗೆ ಟೊರೊಂಟೆಸ್ ಎಂದೂ, ಟೊರೊಂಟೆಸಿಗೆ ರೀಸ್ಲಿಂಗ್ ಎಂದೂ ಬರೆದೆ. ಎರಡಕ್ಕೂ ಹುಳಿಯ ಕಾಲಮ್ಮಿನಲ್ಲಿ “ಮಧ್ಯಮ” ಎಂದೇ ಬರೆದಿದ್ದೇನೆ.

ಉತ್ತರ 4: ಟಿಳಕವಾಡಿಯ ಹಳಬ, ಬೆಳಗಾವಿ

ತಕರಾರಿನಲ್ಲಿ ಅರ್ಧ ಪಾಲನ್ನು ಒಪ್ಪಿಕೊಂಡೆ. ಮೂಗನ್ನು ನಾನು ಬೇಗ ಮನೆಗೆ ಕಳಿಸಿದ್ದೆ.

ಆದರೆ ಈ ಜೋಡಿಯನ್ನು ಬಿಡಿಸುವುದು ನಿಶ್ಚಯವಾಗಿಯೂ ಹುಳಿಯೇ. ರೀಸ್ಲಿಂಗಿನ ಹುಳಿ ಲೀಟರಿಗೆ 7 ಗ್ರಾಮಿಗಿಂತ ಹೆಚ್ಚಿರುವುದು ಜರ್ಮನಿಯಲ್ಲಿ ಸಾಮಾನ್ಯ. ಅದನ್ನು ಮಧ್ಯಮ ಎಂದು ಬರೆದಿರೆಂದರೆ ಅದರಲ್ಲಿ ಉಳಿದಿದ್ದ ಸಕ್ಕರೆ ನಿಮ್ಮನ್ನು ವಂಚಿಸಿದೆ. ಸಕ್ಕರೆ ಹುಳಿಯನ್ನು ನಾಲಿಗೆಯಿಂದ ಮರೆಮಾಡುತ್ತದೆ, ಜೊಲ್ಲಿನಿಂದ ಮರೆಮಾಡಲಾರದು. ನುಂಗಿದ ಮೇಲೆ ತಲೆಯನ್ನು ಮುಂದಕ್ಕೆ ಬಾಗಿಸಿ ಹತ್ತು ಎಣಿಸಿ. ಕೆನ್ನೆಯ ಒಳಗಿನಿಂದ ನೀರು ಸುರಿಯುತ್ತಲೇ ಇದ್ದರೆ ರೀಸ್ಲಿಂಗ್. ನೀರು ಬೇಗ ನಿಂತು ಕಹಿ ಉಳಿದರೆ ಟೊರೊಂಟೆಸ್. ರೀಸ್ಲಿಂಗ್ ಕೆಲವು ವರ್ಷ ಹಳೆಯದಾಗಿದ್ದರೆ ಇನ್ನೊಂದು ಸುಳಿವೂ ಇರುತ್ತದೆ, ಟಿಡಿಎನ್ ಎಂಬ ಸಂಯುಕ್ತದಿಂದ ಬರುವ ಚಿಮಣಿ ಎಣ್ಣೆಯ ವಾಸನೆ. ಕಂದೀಲು ನೋಡಿದ ನನ್ನ ವಯಸ್ಸಿನವರಿಗೆ ಅದು ತಪ್ಪುವುದಿಲ್ಲ, ನಿಮಗೆ ಅಜ್ಜಿಯ ಮನೆಯಲ್ಲಿ ಹಳೆಯ ಸ್ಟೋವ್ ಇದ್ದರೆ ಮೂಸಿ ನೋಡಿ.

ಅಳತೆ ಕಲಿಯಲು ಲಿಂಬೆ ಹಿಂಡಬೇಡಿ. ಲಿಂಬೆಯದು ಸಿಟ್ರಿಕ್ ಆಮ್ಲ, ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್, ಅದು ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ಹುಣಸೆಯನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ನೀರು ಬೆರೆಸುತ್ತ ತೆಳು, ಮಧ್ಯಮ, ಗಟ್ಟಿ ಎಂದು ಮೂರು ಲೋಟ ಮಾಡಿಕೊಳ್ಳಿ. ಮೂರಕ್ಕೂ ಒಂದೊಂದು ಚಮಚ ಸಕ್ಕರೆ ಕದಡಿ, ಗೆಳೆಯರಿಂದ ಲೋಟಗಳ ಜಾಗ ಬದಲಿಸಿಸಿ, ಜೊಲ್ಲಿನಿಂದಲೇ ಗುರುತಿಸಿ. ಮೂರೂ ಸರಿಯಾಗಿ ಬಂದ ದಿನ ಆ ಎರಡು ಬಾಟಲಿಗಳನ್ನು ಮತ್ತೆ ತೆರೆಯಿರಿ.